ಠಾಣೆಯಿಂದ ಆಸ್ಪತ್ರೆಯವರೆಗಿನ ದಾರಿ

ಮಾನ್ಯ ಸಂಪಾದಕರೇ,

ನನ್ನ ತಮ್ಮನಿಗೆ ಇಪ್ಪತ್ತೆರಡು ವರ್ಷಗಳಿಂದ ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಇದೆ. ಇಷ್ಟು ವರ್ಷಗಳಲ್ಲಿ ಎರಡು ಬಾರಿ ಅವನಿಗಾಗಿ ಪೊಲೀಸರನ್ನು ಕರೆಯಬೇಕಾಗಿ ಬಂತು. ಮೊದಲ ಸಲ ಬಂದವರು ನಾಲ್ವರು. ಬಾಗಿಲು ಒದ್ದು ಒಳನುಗ್ಗಿ, ಹೆದರಿ ಮೂಲೆಗೆ ಸರಿದವನ ಮೇಲೆ ಲಾಠಿ ಬೀಸಿ, ಟವೆಲಿನಿಂದ ಕೈ ಕಟ್ಟಿ, ಬೆಳಗಿನವರೆಗೆ ಲಾಕಪ್ಪಿನಲ್ಲಿ ಕೂಡಿಹಾಕಿದರು. ಅವನ ಎರಡು ಬೆರಳು ಮುರಿದಿದ್ದವು. ಖಾಕಿ ಕಂಡರೆ ಅವನು ಇಂದಿಗೂ ನಡುಗುತ್ತಾನೆ.

ಎರಡು ವರ್ಷದ ಹಿಂದೆ, ಮಾತ್ರೆ ನಿಲ್ಲಿಸಿ ಮೂರು ವಾರವಾಗಿದ್ದಾಗ, ಬಾವಿಗೆ ಯಾರೋ ವಿಷ ಹಾಕಿದ್ದಾರೆಂದು ಅವನು ಯಾರನ್ನೂ ಹತ್ತಿರ ಬಿಡದೆ ಹಿತ್ತಲಲ್ಲಿ ನಿಂತಿದ್ದ. 112ಕ್ಕೆ ಕರೆ ಮಾಡಿದಾಗ ಬಂದದ್ದು ಇಬ್ಬರು. ಹಿರಿಯ ಹೆಡ್ ಕಾನ್‌ಸ್ಟೆಬಲ್ ಟೋಪಿ ತೆಗೆದಿಟ್ಟು, ಜೊತೆಗಾರನನ್ನು ಜೀಪಿನ ಬಳಿಯೇ ಇರಲು ಹೇಳಿ, ಹತ್ತು ಮಾರು ದೂರದಲ್ಲಿ ಜಗಲಿಯ ಮೇಲೆ ಕೂತು "ಊಟ ಆಯ್ತಾ?" ಎಂದು ಕೇಳಿದರು. ಬಾವಿಯಲ್ಲಿ ವಿಷವಿದೆ ಎಂಬ ಮಾತನ್ನು ಅವರು ಒಪ್ಪಲೂ ಇಲ್ಲ, ವಾದಿಸಿ ಸುಳ್ಳೆಂದು ತೋರಿಸಲೂ ಹೋಗಲಿಲ್ಲ. "ಹಾಗಾದರೆ ನಿಮಗೆ ಎಷ್ಟು ಭಯ ಆಗಿರಬೇಕು" ಎಂದಷ್ಟೇ ಹೇಳಿದರು. ನಲವತ್ತು ನಿಮಿಷದ ನಂತರ ತಮ್ಮ ತಾನೇ ಬಂದು ಜೀಪು ಹತ್ತಿದ. ಆ ಹಿರಿಯರಿಗೆ ಈ ರೀತಿಯನ್ನು ಯಾರೂ ಕಲಿಸಿರಲಿಲ್ಲವಂತೆ. ಅವರ ಅತ್ತಿಗೆಗೂ ಇದೇ ಕಾಯಿಲೆಯಿತ್ತು.

ಒಬ್ಬ ರೋಗಿಯ ಬೆರಳು ಉಳಿಯುವುದೂ ಮುರಿಯುವುದೂ ಬಂದ ಪೊಲೀಸನ ಮನೆಯಲ್ಲಿ ಅಂಥ ರೋಗಿಯಿದ್ದರೇ ಎಂಬುದನ್ನು ಅವಲಂಬಿಸಿರಬಾರದು. ಕಾನೂನಂತೂ ಅಸ್ಪಷ್ಟವಾಗಿಲ್ಲ. 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಪೊಲೀಸರು ಇಂಥವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಆ ದಾರಿಯನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿತು. ಮನೋರೋಗದಿಂದಾಗಿ ತನಗೋ ಇತರರಿಗೋ ಅಪಾಯ ತಂದುಕೊಳ್ಳಬಹುದಾದವರನ್ನು, ದಿಕ್ಕಿಲ್ಲದೆ ಅಲೆಯುತ್ತಿರುವವರನ್ನು ಠಾಣಾಧಿಕಾರಿ ತನ್ನ ರಕ್ಷಣೆಗೆ ತೆಗೆದುಕೊಂಡು, ಕಾರಣವನ್ನು ಅವರಿಗೆ ತಿಳಿಸಿ, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಕಾಯ್ದೆ ಬಳಸಿರುವ ಪದ 'ಬಂಧನ' ಅಲ್ಲ, 'ರಕ್ಷಣೆ' ಎಂಬುದನ್ನು ಠಾಣೆಗಳು ಗಮನಿಸಬೇಕು. ರಕ್ತದಲ್ಲಿ ಸಕ್ಕರೆ ಕುಸಿದವರೂ, ಕುಡಿತವನ್ನು ಒಮ್ಮೆಲೇ ಬಿಟ್ಟವರೂ ಹೀಗೆಯೇ ವರ್ತಿಸಬಹುದು. ಅಂಥವರಿಗೆ ಲಾಕಪ್ಪಿನ ಒಂದು ರಾತ್ರಿ ಪ್ರಾಣಕ್ಕೇ ಮುಳುವಾಗಬಹುದು.

ಆದರೆ ಪೊಲೀಸರನ್ನಷ್ಟೇ ದೂರಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಎರಡನೇ ಸಲ, ಜೀಪಿನಲ್ಲಿ ಆ ರಾತ್ರಿ ನಾವು ತಲುಪಿದ ಸರ್ಕಾರಿ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯರು "ಇಲ್ಲಿ ಮನೋವೈದ್ಯರಿಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ" ಎಂದು ತಮ್ಮನ ಮುಖವನ್ನೂ ನೋಡದೆ ಹೇಳಿಬಿಟ್ಟರು. ಆಂಬುಲೆನ್ಸ್ ಸಿಗಲಿಲ್ಲ. ಜೀಪು ಠಾಣೆಗೆ ಮರಳಬೇಕಿತ್ತು. ಇವನನ್ನು ಯಾರ ಕೈಗೆ ಒಪ್ಪಿಸುವುದೆಂದು ತಿಳಿಯದೆ ಆ ಹೆಡ್ ಕಾನ್‌ಸ್ಟೆಬಲ್ ಎರಡು ಗಂಟೆ ಕಾರಿಡಾರಿನಲ್ಲಿ ನಿಂತಿದ್ದರು. ಹೀಗೆ ಒಮ್ಮೆ ಸಿಕ್ಕಿಕೊಂಡ ಪೊಲೀಸ್ ಮುಂದಿನ ಸಲ ಕರೆ ಬಂದಾಗ "ಅದು ನಿಮ್ಮ ಮನೆಯ ವಿಷಯ" ಎಂದು ಫೋನಿಟ್ಟರೆ ಆಶ್ಚರ್ಯವೇನು?

ಮನೋವೈದ್ಯರಿಲ್ಲ ಎಂಬುದು ಕಾನೂನು ಒಪ್ಪುವ ಉತ್ತರವಲ್ಲ. ಅದೇ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಆರಂಭಿಸಬಹುದು. ಅದಕ್ಕೆ 72 ಗಂಟೆಗಳ ಮಿತಿಯಿದೆ, ಅಷ್ಟೆ. ಸಾಮಾನ್ಯ ವೈದ್ಯರಿಂದ ಇದು ಆಗದೆಂಬ ಮಾತನ್ನು ನಮ್ಮ ನಾಡಿನಲ್ಲಂತೂ ಹೇಳಬಾರದು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಿಗಳಿಗೆ ಚಿಕಿತ್ಸೆ ಕೊಡಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿಯಾಯಿತು.

ಆದ್ದರಿಂದ ಗೃಹ ಮತ್ತು ಆರೋಗ್ಯ ಇಲಾಖೆಗಳು ಕೂಡಿ ಪ್ರತಿ ಠಾಣೆಗೂ ಒಂದು ಆಸ್ಪತ್ರೆಯನ್ನು ಲಿಖಿತವಾಗಿ ಗೊತ್ತುಪಡಿಸಬೇಕು. ರಾತ್ರಿ ಯಾವ ವೈದ್ಯರು ನೋಡುತ್ತಾರೆ, ಮುಂದಿನ ಆಸ್ಪತ್ರೆಗೆ ಯಾವ ವಾಹನ ಒಯ್ಯುತ್ತದೆ, ಪೊಲೀಸರ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಕಾಯ್ದೆಯ 30ನೇ ಸೆಕ್ಷನ್ ಪೊಲೀಸರಿಗೆ ಕಾಲಕಾಲಕ್ಕೆ ತರಬೇತಿ ಕೊಡಬೇಕೆನ್ನುತ್ತದೆ. ಅದು ಅಧಿಕಾರಿಗಳ ಒಂದು ದಿನದ ಕಾರ್ಯಾಗಾರವಾಗಿ ಮುಗಿಯದೆ, ಬಾಗಿಲಿಗೆ ಮೊದಲು ಬರುವ ಕಾನ್‌ಸ್ಟೆಬಲ್ಲುಗಳಿಗೂ ಗೃಹರಕ್ಷಕರಿಗೂ ಸಿಗಬೇಕು. ಸೈರನ್ ನಿಲ್ಲಿಸುವುದು, ಒಬ್ಬರೇ ಮಾತಾಡುವುದು, ಸುತ್ತುವರಿಯದಿರುವುದು, ನೆರೆದವರನ್ನು ಚದುರಿಸಿ ಮೊಬೈಲ್ ಚಿತ್ರೀಕರಣ ತಡೆಯುವುದು, ಮನೆಯವರಿಂದ ಮಾತ್ರೆಯ ಚೀಟಿ ಪಡೆಯುವುದು ಕಲಿಸಿದರೆ ಬರುವ ವಿದ್ಯೆಗಳೇ. ಸಂದೇಹವಿದ್ದಾಗ ಅಂಗಳದಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಅದು ದಿನದ 24 ಗಂಟೆಯೂ ಇರುತ್ತದೆ.

ಮನೆಯವರಿಲ್ಲದವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಲೆಯುತ್ತಿರುವವರು ಸಿಕ್ಕಾಗ ಕಾಣೆಯಾದವರೆಂದು ಎಫ್‌ಐಆರ್ ದಾಖಲಿಸಿ ಕುಟುಂಬವನ್ನು ಹುಡುಕುವುದೂ ಠಾಣೆಯ ಕರ್ತವ್ಯವೆಂದು ಕಾಯ್ದೆ ಹೇಳುತ್ತದೆ. ರೈಲು ಹತ್ತಿ ದೂರದ ರಾಜ್ಯದಿಂದ ಬಂದವನ ಒಡಿಯಾ ಅಥವಾ ಬಂಗಾಳಿಯನ್ನು ಹುಚ್ಚುಮಾತೆಂದು ಬಗೆದು, ಅವನನ್ನು ಗಡಿಯಾಚೆ ಬಿಟ್ಟುಬರುವ ಬದಲು, ಆ ಭಾಷೆ ಬಲ್ಲವರೊಬ್ಬರನ್ನು ಕರೆಸಿದರೆ ಅವನ ಊರಿನ ಹೆಸರಾದರೂ ಸಿಗಬಹುದು.

ಇತಿ,
ಒಬ್ಬ ರೋಗಿಯ ಅಕ್ಕ, ನಿವೃತ್ತ ಶಿಕ್ಷಕಿ