ಹಾನ್ ಸಾಮ್ರಾಜ್ಯ ಬರೀ ಕುದುರೆ ಮೇಲೆ ನಿಂತಿರ್ಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಚೀನಾದ ಹಾನ್ ರಾಜವಂಶದ ಬಗ್ಗೆ ಬಂದ ಲೇಖನ ಓದಿದೆ. ಚೀನಾ ಅಂದ್ರೆ ಮೊಬೈಲು, ಬಾರ್ಡರ್ ಗಲಾಟೆ ಇಷ್ಟೇ ಸುದ್ದಿಯಾಗೋ ಕಾಲದಲ್ಲಿ ಎರಡು ಸಾವಿರ ವರ್ಷ ಹಿಂದಿನ ವಿಷಯಕ್ಕೆ ಅರ್ಧ ಪುಟ ಕೊಟ್ರಲ್ಲ, ಥ್ಯಾಂಕ್ಸ್. ಆದ್ರೆ ಇಡೀ ಲೇಖನ ವೂ ಚಕ್ರವರ್ತಿ ಅಲ್ಲಿ ಗೆದ್ದ ಇಲ್ಲಿ ಗೆದ್ದ ಅನ್ನೋದ್ರಲ್ಲೇ ಮುಗಿದೋಯ್ತು, ಗೆದ್ದಿದ್ದನ್ನ ಆಮೇಲೆ ಹೆಂಗೆ ಹಿಡ್ಕೊಂಡ್ರು, ಅದರ ಖರ್ಚು ಯಾರ ತಲೆ ಮೇಲೆ ಬಿತ್ತು ಅನ್ನೋದ್ರ ಬಗ್ಗೆ ಒಂದು ಸಾಲೂ ಇಲ್ಲ. ಇನ್ನೊಂದು, ಹಾನ್ ಕಾಲದಲ್ಲೇ ಪರೀಕ್ಷೆ ಬರೆಸಿ ಅಧಿಕಾರಿಗಳನ್ನ ಆರಿಸ್ತಿದ್ರು ಅಂತ ಬರೆದಿದ್ದೀರಿ. ಅದು ಅರ್ಧ ಸರಿ ಅಷ್ಟೆ. ಕ್ರಿ.ಪೂ. 124ರಲ್ಲಿ ರಾಜಧಾನಿ ಚಾಂಗಾನ್‌ನಲ್ಲಿ 50 ವಿದ್ಯಾರ್ಥಿಗಳಿಗೆ ಅಂತ ಸರ್ಕಾರಿ ವಿದ್ಯಾಪೀಠ ಶುರುವಾಯ್ತು, ಅಲ್ಲಿ ಪರೀಕ್ಷೆ ಇತ್ತು ನಿಜ, ಆದ್ರೆ ಹೆಚ್ಚಿನವರು ಒಳಗೆ ಬಂದಿದ್ದು ಶಿಫಾರಸಿನ ಮೇಲೆ, ಜಿಲ್ಲೆ ನೋಡ್ಕೊಳ್ಳೋ ಗವರ್ನರ್ರೇ ಒಳ್ಳೆ ನಡತೆಯವರು ಅಂತ ವರ್ಷ ವರ್ಷ ಹೆಸರು ಕಳಿಸ್ಬೇಕಿತ್ತು. ದೇಶಕ್ಕೆಲ್ಲಾ ಒಂದೇ ಪರೀಕ್ಷೆ ಅನ್ನೋ ಪದ್ಧತಿ ನೂರಾರು ವರ್ಷ ಆದ್ಮೇಲೆ ಸುಯಿ, ತಾಂಗ್ ವಂಶದವರ ಕಾಲಕ್ಕೆ ಬಂದಿದ್ದು.

ಈ ವಂಶದ ಕಥೆ ಶುರುವಾಗೋದೇ ಸೋಲಿಂದ. ಕ್ರಿ.ಪೂ. 202ರಲ್ಲಿ ಚಕ್ರವರ್ತಿ ಆದ ಲಿಯು ಬಾಂಗ್ ರಾಜಮನೆತನದವನೇನಲ್ಲ, ಹಳ್ಳಿ ಮಟ್ಟದ ಒಬ್ಬ ಸಣ್ಣ ಅಧಿಕಾರಿ. ಪಟ್ಟಕ್ಕೆ ಬಂದು ಎರಡೇ ವರ್ಷಕ್ಕೆ ಉತ್ತರದ ಹುಲ್ಲುಗಾವಲಿನ ಶಿಯೊಂಗ್ನು ಜನರ ಮೇಲೆ ದಂಡೆತ್ತಿ ಹೋಗಿ ಬಾಯ್‌ದೆಂಗ್ ಅನ್ನೋ ಕಡೆ ಏಳು ದಿನ ಮುತ್ತಿಗೆಯಲ್ಲಿ ಸಿಕ್ಕಾಕ್ಕೊಂಡ. ಆಮೇಲೆ ಅರವತ್ತು ಚಿಲ್ಲರೆ ವರ್ಷ ಹಾನ್ ದೊರೆಗಳು ಅವರಿಗೆ ರಾಜಕುಮಾರಿಯರನ್ನ ಮದುವೆ ಮಾಡಿ ಕೊಟ್ಟು, ರೇಷ್ಮೆ ಧಾನ್ಯ ಕಳಿಸಿ ತಣ್ಣಗಿದ್ರು. ಇದನ್ನ ಹೇಡಿತನ ಅನ್ನೋರು ಇದ್ದಾರೆ, ನನಗೇನೋ ಅದೇ ಜಾಣತನ ಅನ್ಸುತ್ತೆ, ಯಾಕಂದ್ರೆ ಅಷ್ಟರಲ್ಲಿ ಭಂಡಾರ ಎಷ್ಟು ತುಂಬಿತ್ತು ಅಂದ್ರೆ ನಾಣ್ಯ ಪೋಣಿಸಿದ್ದ ದಾರ ಕೊಳೆತು ಎಣಿಸೋಕೇ ಆಗ್ತಿರ್ಲಿಲ್ಲ ಅಂತ ಆ ಕಾಲದ ಇತಿಹಾಸಕಾರ ಸಿಮಾ ಚಿಯಾನ್ ಬರೆದಿಟ್ಟಿದ್ದಾನೆ.

ಆ ದುಡ್ಡೆಲ್ಲಾ ಕರಗಿಸಿದ್ದು ನಿಮ್ಮ ಲೇಖನದ ಹೀರೋ ವೂ (ಕ್ರಿ.ಪೂ. 141ರಿಂದ 87). ಕ್ರಿ.ಪೂ. 119ರ ಗೋಬಿ ಮರುಭೂಮಿ ದಂಡಯಾತ್ರೆ ದೊಡ್ಡ ಗೆಲುವು ಅಂತ ಬರೆದಿದ್ದೀರಿ, ಗೆಲುವೇ ಸರಿ, ಆದ್ರೆ ಹೋಗಿದ್ದು 1,40,000 ಕುದುರೆ, ವಾಪಸ್ ಬಂದಿದ್ದು 30,000ಕ್ಕಿಂತ ಕಮ್ಮಿ. ಮಧ್ಯ ಏಷ್ಯಾದ ಫರ್ಗಾನಾದ ಕುದುರೆ ಕಥೆ ಇನ್ನೂ ಚೆನ್ನಾಗಿದೆ. ಒಳ್ಳೆ ತಳಿ ಬೇಕು ಅಂತ ಲಿ ಗುವಾಂಗ್ಲಿ ಅನ್ನೋ ಸೇನಾಪತಿನ ಕಳಿಸಿದ್ರು, ಮೊದಲ ಸಲ ಸೋತು ಬಂದವನಿಗೆ ಗಡಿ ಬಾಗಿಲಲ್ಲೇ, ಒಳಗೆ ಕಾಲಿಟ್ರೆ ತಲೆ ತೆಗಿತೀವಿ ಅಂತ ಆರ್ಡರ್ ಬಂತು, ಎರಡನೇ ಸಲ 60,000 ಸೈನಿಕರು, ಒಂದು ಲಕ್ಷ ಎತ್ತು ಸಮೇತ ಹೋಗಿ ಕ್ರಿ.ಪೂ. 101ರಲ್ಲಿ ಗೆದ್ದು ಬಂದಾಗ ಗಡಿ ದಾಟಿ ಒಳಗೆ ಬಂದವರು ಹತ್ತು ಸಾವಿರದ ಆಸುಪಾಸು, ಸಿಕ್ಕಿದ ಉತ್ತಮ ಕುದುರೆ ಕೆಲವು ಹತ್ತುಗಳಷ್ಟೆ. ದಕ್ಷಿಣದಲ್ಲಿ ಈಗಿನ ಗುವಾಂಗ್‌ಡಾಂಗ್, ಉತ್ತರ ವಿಯೆಟ್ನಾಂ (ಕ್ರಿ.ಪೂ. 111), ಪೂರ್ವದಲ್ಲಿ ಕೊರಿಯಾದ ಉತ್ತರ ಭಾಗ (ಕ್ರಿ.ಪೂ. 108) ಸೇರಿದ್ದೂ ಇವನ ಕಾಲದಲ್ಲೇ. ಅಂದಹಾಗೆ ಇವನು ಪಶ್ಚಿಮಕ್ಕೆ ಕಳಿಸಿದ ದೂತ ಝಾಂಗ್ ಚಿಯಾನ್, ಬ್ಯಾಕ್ಟ್ರಿಯಾದ (ಈಗಿನ ಅಫ್ಘಾನಿಸ್ತಾನದ ಕಡೆ) ಸಂತೆಯಲ್ಲಿ ತಮ್ಮದೇ ಸಿಚುವಾನ್ ಕಡೆಯ ಬಟ್ಟೆ ಬಿದಿರು ನೋಡಿ ಎಲ್ಲಿಂದ ತಂದ್ರಿ ಅಂತ ಕೇಳಿದ್ರೆ, ಇಂಡಿಯಾದಿಂದ ಅಂದ್ರಂತೆ. ಆ ಸಾಲು ನಿಮ್ಮ ಲೇಖನದಲ್ಲಿ ಇರ್ಬೇಕಿತ್ತು.

ಭಂಡಾರ ಖಾಲಿ ಆದ್ಮೇಲೆ ಏನ್ ಮಾಡಿದ್ರು? ಉಪ್ಪು ಮತ್ತು ಕಬ್ಬಿಣ ಎರಡನ್ನೂ ಸರ್ಕಾರವೇ ತಗೊಂಡ್ಬಿಡ್ತು. ಉಪ್ಪಿಲ್ದೆ ಊಟ ಇಲ್ಲ, ಕಬ್ಬಿಣ ಇಲ್ದೆ ನೇಗಿಲಿಲ್ಲ, ಹಂಗಾಗಿ ತೆರಿಗೆ ಅಂತ ಹೆಸರಿಡದೇ ಪ್ರತಿ ಮನೆಯಿಂದ ವಸೂಲಿ. ಅದನ್ನ ನಡೆಸೋಕೆ ಉಪ್ಪಿನ ಸಾಹುಕಾರನನ್ನೂ ಕಬ್ಬಿಣದ ಸಾಹುಕಾರನನ್ನೂ ಕರ್ಕೊಂಡ್ ಬಂದು ಅಧಿಕಾರಿ ಮಾಡಿದ್ರು, ಲೆಕ್ಕದ ತಲೆ ಸಾಂಗ್ ಹೊಂಗ್ಯಾಂಗ್ ಕೂಡ ವ್ಯಾಪಾರಿಯ ಮಗನೇ. ಕ್ರಿ.ಪೂ. 112ರಲ್ಲಿ ಪೂಜೆಗೆ ಕೊಟ್ಟ ಚಿನ್ನ ಸರಿಯಿಲ್ಲ ಅಂತ ಒಂದೇ ಏಟಿಗೆ 106 ಜನ ಜಹಗೀರುದಾರರ ಪದವಿ ಕಿತ್ಕೊಂಡ್ರು. ವೂ ಸತ್ತು ಆರು ವರ್ಷಕ್ಕೆ, ಕ್ರಿ.ಪೂ. 81ರಲ್ಲಿ, ಅರವತ್ತಕ್ಕೂ ಹೆಚ್ಚು ವಿದ್ವಾಂಸರನ್ನ ರಾಜಧಾನಿಗೆ ಕರೆಸಿ ಸಾಂಗ್ ಎದುರೇ ಕೂರಿಸಿ ಈ ಉಪ್ಪು ಕಬ್ಬಿಣದ ಬಗ್ಗೆ ವಾದ ಮಾಡಿಸಿದ್ರು. ಸರ್ಕಾರಿ ಕಬ್ಬಿಣದ ಸಾಮಾನು ಕೆಲಸಕ್ಕೆ ಬರಲ್ಲ, ರೇಟು ಜಾಸ್ತಿ, ದೂರದಿಂದ ರೈತ ಬಂದ್ರೆ ಮಾರೋ ಅಧಿಕಾರಿ ಸೀಟಲ್ಲೇ ಇರಲ್ಲ ಅಂತ ಅವರು ದೂರಿದ್ರೆ, ಗಡಿ ಸೈನಿಕರಿಗೆ ಊಟ ಬಟ್ಟೆ ನೀವ್ ಕೊಡ್ತೀರಾ ಅನ್ನೋ ಅರ್ಥದಲ್ಲಿ ಸಾಂಗ್ ತಿರುಗೇಟು ಕೊಟ್ಟ. ಕೊನೆಗೆ ಹೋಗಿದ್ದು ಹೆಂಡದ ಸರ್ಕಾರಿ ಏಕಸ್ವಾಮ್ಯ, ಮತ್ತೆ ರಾಜಧಾನಿ ಸುತ್ತಲಿನ ಕಬ್ಬಿಣದ ಕಚೇರಿಗಳು ಮಾತ್ರ. ಉಪ್ಪು ಹಂಗೇ ಉಳೀತು.

ವೂಗೇ ಕೊನೆಗಾಲದಲ್ಲಿ ಇದು ಅರ್ಥ ಆಗಿತ್ತು ಅನ್ಸುತ್ತೆ. ಕ್ರಿ.ಪೂ. 89ರಲ್ಲಿ ದೂರದ ಲುನ್‌ಟಾಯ್‌ನಲ್ಲಿ ಸೈನಿಕರನ್ನ ಕೂರಿಸಿ ಬೇಸಾಯ ಮಾಡಿಸೋಣ ಅಂತ ಇದೇ ಸಾಂಗ್ ಹೇಳಿದ್ದಕ್ಕೆ ಬೇಡ ಅಂದ, ಹಿಂದೆ ತಲೆಗೆ 30 ಕಾಸು ತೆರಿಗೆ ಏರಿಸ್ಬೇಕು ಅಂತಲೂ ಹೇಳಿದ್ರಿ, ಮುದುಕರು ಅನಾಥರಿಗೆ ಇನ್ನೂ ಕಷ್ಟ ಕೊಡೋ ಮಾತದು ಅಂತ ಆಜ್ಞೆಯಲ್ಲೇ ಬರೆಸಿದ.

ಈಗ ಆಡಳಿತಕ್ಕೆ ಬರ್ತೀನಿ, ನಾನು ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ. ಇಡೀ ದೇಶ ನೂರು ಚಿಲ್ಲರೆ ಜಿಲ್ಲೆ ಮತ್ತು ಸಣ್ಣ ರಾಜ್ಯಗಳು, ಅವುಗಳ ಕೆಳಗೆ ತಾಲ್ಲೂಕಿನಂಥ 1,500ಕ್ಕೂ ಹೆಚ್ಚು ಭಾಗ. ಗವರ್ನರ್‌ಗೆ ಸಂಬಳದ ದರ್ಜೆ ಧಾನ್ಯದ ಲೆಕ್ಕದಲ್ಲಿ 2,000 ಅಳತೆ. ಕ್ರಿ.ಪೂ. 106ರಲ್ಲಿ ಇವರ ಮೇಲೆ ಕಣ್ಣಿಡೋಕೆ 13 ವಲಯ ಮಾಡಿ ತನಿಖಾಧಿಕಾರಿಗಳನ್ನ ಇಟ್ರು, ಅವರ ದರ್ಜೆ ಬರೀ 600. ದೊಡ್ಡ ಸಾಹೇಬರ ಫೈಲು ನೋಡೋಕೆ ಚಿಕ್ಕ ಆಫೀಸರು! ಕೇಳ್ಬೇಕಾದ ವಿಷಯ ಆರೇ ಆರು ಅಂತ ಗೆರೆ ಹಾಕಿ ಕೊಟ್ಟಿದ್ರು, ದೊಡ್ಡ ಮನೆತನದವರು ಮಿತಿಮೀರಿ ಜಮೀನು ಹೊಡ್ಕೊಂಡಿದ್ದಾರಾ, ಗವರ್ನರ್ ಜನರನ್ನ ಸುಲಿತಿದ್ದಾನಾ, ಅವನ ಮಕ್ಕಳು ದರ್ಬಾರು ಮಾಡ್ತಿದ್ದಾರಾ ಹಿಂಗೆ. ಸುತ್ತಾಡಿ ವರ್ಷದ ಕೊನೆಗೆ ರಾಜಧಾನಿಗೆ ರಿಪೋರ್ಟ್ ಕೊಡ್ಬೇಕು, ಕೈಯಲ್ಲಿ ಸೈನ್ಯ ಇಲ್ಲ. ಕಳ್ಕೊಳ್ಳೋಕೆ ಏನೂ ಇಲ್ಲದ, ಮೇಲೇರೋ ಆಸೆ ಇರೋ ಹುಡುಗ ಎಷ್ಟು ಚುರುಕಾಗಿ ಕೆಲಸ ಮಾಡ್ತಾನೆ ಅಂತ ಆ ಕಾಲದಲ್ಲೇ ಗೊತ್ತಿತ್ತು ನೋಡಿ, ನನ್ನ ಪ್ರಕಾರ ಈ ಸಾಮ್ರಾಜ್ಯದ ಅತಿ ಜಾಣ ಕೆಲಸ ಇದು, ಫರ್ಗಾನಾ ಅಲ್ಲ.

ಕ್ರಿ.ಶ. 2ರ ಜನಗಣತಿಯಲ್ಲಿ 1.22 ಕೋಟಿ ಮನೆ, 5.95 ಕೋಟಿಗೂ ಹೆಚ್ಚು ಜನ ಅಂತ ಲೆಕ್ಕ ಸಿಗೋದೂ ಇಂಥ ವ್ಯವಸ್ಥೆಯಿಂದಲೇ. ಜುಯೆನ್ ಅನ್ನೋ ಗಡಿ ಠಾಣೆಗಳಲ್ಲಿ 1930ರಲ್ಲಿ ಹತ್ತು ಸಾವಿರದಷ್ಟು ಮರದ ಪಟ್ಟಿಗಳು ಸಿಕ್ಕಿವೆ, ಅದ್ರಲ್ಲಿ ಸೈನಿಕರ ರೇಷನ್ ಲೆಕ್ಕ, ಬಿಲ್ಲುಗಳ ಪಟ್ಟಿ ಎಲ್ಲಾ ಇದೆ, ಬಿಲ್ಲು ಪರೀಕ್ಷೆಯಲ್ಲಿ 12 ಬಾಣಕ್ಕೆ 6 ಗುರಿ ಮುಟ್ಬೇಕು, ಅದರ ಮೇಲೆ ಒಂದೊಂದಕ್ಕೂ 15 ದಿನದ ಸರ್ವೀಸ್ ಬೋನಸ್ಸು!

ಇದೇ ತನಿಖಾಧಿಕಾರಿ ಹುದ್ದೆ ಹಾಳಾದ ರೀತಿನೂ ಬರೆಯೋ ಹಾಗಿದೆ. ಕ್ರಿ.ಶ. 184ರಲ್ಲಿ ತಲೆಗೆ ಹಳದಿ ಪಟ್ಟಿ ಕಟ್ತಿದ್ದವರ ರೈತ ದಂಗೆ ಎದ್ದು ದೇಶ ಅಲ್ಲಾಡ್ದಾಗ, 188ರಲ್ಲಿ ಲಿಯು ಯಾನ್ ಅನ್ನೋನ ಸಲಹೆ ಮೇಲೆ ಕೆಲವು ವಲಯಗಳಿಗೆ ದೊಡ್ಡ ದರ್ಜೆ, ಸೈನ್ಯ ಎರಡೂ ಕೊಟ್ಟು ಪ್ರಾಂತ್ಯಾಧಿಪತಿಗಳನ್ನ ಮಾಡಿದ್ರು. ಸಲಹೆ ಕೊಟ್ಟವನೇ ಸಿಚುವಾನ್ ಭಾಗ ತಗೊಂಡು ರಾಜಧಾನಿ ದಾರಿ ಕಡಿಸಿ ಸ್ವತಂತ್ರ ದೊರೆ ಥರ ಕೂತ. 220ಕ್ಕೆ ಹಾನ್ ವಂಶವೇ ಮುಗೀತು.

ಮುಂದೆ ಯಾವತ್ತಾದ್ರೂ ಜಾಗ ಇದ್ರೆ ಆ ಜುಯೆನ್ ಮರದ ಪಟ್ಟಿಗಳ ಮೇಲೆ ಒಂದು ಲೇಖನ ಬರೆಸಿ, ಫೋಟೋ ಸಮೇತ. ಮತ್ತೆ ಮ್ಯಾಪ್ ಹಾಕುವಾಗ ಈಗಿನ ಚೀನಾದ ಗಡಿಗೆ ಬಣ್ಣ ಬಳಿದು ಹಾನ್ ಸಾಮ್ರಾಜ್ಯ ಅಂತ ಬರೀಬೇಡಿ, ಟಿಬೆಟ್ ಅದರಲ್ಲಿ ಇರ್ಲಿಲ್ಲ.

ಇಂತಿ,
ನಿಮ್ಮ ಹಳೇ ಓದುಗ, ಹಾಸನ