ಮೊಡವೆ ಕ್ರೀಮಿಗೂ ಚೀಟಿ ಕೇಳಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಎರಡನೇ ಪಿಯುಸಿ. ಕಳೆದ ಪುತ್ತರಿ ಹಬ್ಬದ ಹೊತ್ತಿಗೆ ಅವಳ ಕೆನ್ನೆ ತುಂಬ ಮೊಡವೆ. ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ‘ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ ಅಕ್ಕ’ ಎಂದು ಒಂದು ಟ್ಯೂಬ್ ಕೊಟ್ಟರು. ಡಾಕ್ಟರ ಚೀಟಿ ಕೇಳಲಿಲ್ಲ. ಹತ್ತೇ ದಿನದಲ್ಲಿ ಮೊಡವೆ ಅಡಗಿ ಮುಖ ಬೆಳ್ಳಗಾಯಿತು. ಖುಷಿಯಲ್ಲಿ ಎರಡನೇ ಟ್ಯೂಬನ್ನೂ ನಾನೇ ತಂದೆ. ಎರಡು ತಿಂಗಳ ಮೇಲೆ ಹಚ್ಚುವುದು ಬಿಟ್ಟದ್ದೇ ತಡ, ಮುಖ ಕೆಂಪಾಗಿ ಉರಿ, ಮೊದಲಿಗಿಂತ ಜಾಸ್ತಿ ಮೊಡವೆ.

ಮಡಿಕೇರಿಯಲ್ಲಿ ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರ ತೋರಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಇದು ಬಂಗಿಗೆ, ಅಂದರೆ ಮುಖದ ಕಂದು ಕಲೆಗೆ, ಅದೂ ಸ್ವಲ್ಪ ದಿನಕ್ಕೆ ಡಾಕ್ಟರು ಬರೆಯುವ ಕ್ರೀಮಂತೆ. ಮೊಡವೆಗಲ್ಲ.

ಈಗ ಡಾಕ್ಟರು ಬರೆದುಕೊಟ್ಟ ಮೊಡವೆ ಔಷಧ: ಬೆಳಿಗ್ಗೆ 2.5% ಬೆಂಜಾಯಿಲ್ ಪೆರಾಕ್ಸೈಡ್, ರಾತ್ರಿ 0.1% ಅಡಾಪಲೀನ್. ಅಡಾಪಲೀನ್ ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ ಅಷ್ಟೇ. ಇವಳು ಮೊದಲ ರಾತ್ರಿ ಅಕ್ಕಿ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಸವರಿದಳು. ಮೂರು ದಿನ ಮೂಗಿನ ಪಕ್ಕ ಸಿಪ್ಪೆ ಸುಲಿಯಿತು. ಆಮೇಲೆ ರಾತ್ರಿ ಬಿಟ್ಟು ರಾತ್ರಿ ಹಚ್ಚಿದ ಮೇಲೆ ಸರಿಹೋಯಿತು. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು, ನಡುವೆ ಮೊಡವೆ ಒಮ್ಮೆ ಹೆಚ್ಚಲೂಬಹುದು. ನಮ್ಮ ನಾದಿನಿಯೂ ‘ನನಗೂ ಸ್ವಲ್ಪ ಕೊಡು’ ಎಂದಳು. ಅವಳಿಗೆ ನಾಲ್ಕು ತಿಂಗಳು. ಬಸುರಿಯರು ಅಡಾಪಲೀನ್ ಹಚ್ಚಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು, ಸದ್ಯ.

ಇನ್ನೊಂದು ತಮಾಷೆ. ನೀಲಿ ದಿಂಬಿನ ಕವರಿನಲ್ಲಿ ಬಿಳಿ ಮಚ್ಚೆ ಎದ್ದಾಗ ಸುಮ್ನೆ ಸೋಪಿಗೆ ಬೈದೆ. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ! ಇವಳು ಅವಸರದಲ್ಲಿ ಹಚ್ಚಿಕೊಂಡು, ಒಣಗುವ ಮೊದಲೇ ಮತ್ತೆ ಐದು ನಿಮಿಷ ಮಲಗುತ್ತಿದ್ದಳು. ಈ ಕ್ರೀಮುಗಳ ಜೊತೆ ಸನ್‌ಸ್ಕ್ರೀನ್ ಬೇಕೆಂದು ಡಾಕ್ಟರು ಹೇಳಿದಾಗಲೂ, ಮಂಜಿನ ಊರಿನಲ್ಲಿ ಯಾಕೆ ಎಂದು ನಕ್ಕಿದ್ದೆ. ಕಾಫಿ ಒಣಗಿಸುವ ಕಣದಲ್ಲಿ ಒಂದು ಮಧ್ಯಾಹ್ನ ನಿಂತದ್ದಕ್ಕೇ ಅವಳ ಕೆನ್ನೆ ಕೆಂಪಗಾಯಿತು.

ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರದಂತೆ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಔಷಧ ಇಲಾಖೆಯವರು ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಲಿ. ಹಳೇ ಟ್ಯೂಬನ್ನು ನಾನು ಎಸೆದಿಲ್ಲ. ಪಕ್ಕದ ಮನೆಯ ಹುಡುಗಿಯರು ಬಂದರೆ ಹಿಂಭಾಗ ಓದಿಸುತ್ತೇನೆ.

– ಒಬ್ಬ ತಾಯಿ, ಸೋಮವಾರಪೇಟೆ ತಾಲ್ಲೂಕು