ಅಸೈನ್‌ಮೆಂಟಿಗೆ ಪುಟದ ಲೆಕ್ಕ ಬಿಡಿ, ಐದು ನಿಮಿಷ ಮಾತಾಡಿಸಿ

ಮಾನ್ಯ ಸಂಪಾದಕರೇ,

ಇಂಟರ್ನಲ್ ಮಾರ್ಕ್ಸ್ ಇರಬೇಕೋ ತೆಗೆಯಬೇಕೋ ಅನ್ನುವ ಚರ್ಚೆ ಆಗಾಗ ಏಳುತ್ತದೆ. ಬರೆಯುವವರು ಹೆಚ್ಚಾಗಿ ಮೇಷ್ಟ್ರು, ಇಲ್ಲವೇ ಪಾಲಕರು. ಧಾರವಾಡದಲ್ಲಿ ಕಾಲೇಜುಗಳ ಹತ್ತಿರ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡ ನನ್ನಂಥವನನ್ನು ಯಾರು ಕೇಳುತ್ತಾರೆ? ಆದರೆ ಲಾ, ಬಿ.ಎ., ಬಿ.ಎಸ್ಸಿ., ಪಿಯುಸಿ, ಎಲ್ಲರ ಅಸೈನ್‌ಮೆಂಟೂ ಕೊನೆಗೆ ಬಂದು ಬೀಳುವುದು ನಮ್ಮ ಟೇಬಲ್ ಮೇಲೆಯೇ. ಮೇಷ್ಟ್ರು ತಮ್ಮ ವಿಷಯದ್ದು ಮಾತ್ರ ನೋಡುತ್ತಾರೆ, ನಮಗೆ ಎಲ್ಲವೂ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಲಾ ಹುಡುಗರಿಂದ ಶುರು ಮಾಡುತ್ತೇನೆ. ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲಿ ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್ ಅಂತ ಒಂದು ಪೇಪರ್ ಇದೆ. ಮೂರು ಅಣಕು ಕೋರ್ಟಿಗೆ 30 ಅಂಕ. ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯುವುದಕ್ಕೆ 30. ವಕೀಲರ ಆಫೀಸಿನಲ್ಲಿ ಕಕ್ಷಿದಾರರ ಮಾತು ಕೇಳಿ, ಕಾಗದಪತ್ರ ಹೇಗೆ ತಯಾರಾಗುತ್ತದೆ ಅಂತ ನೋಡಿ ಡೈರಿ ಬರೆಯುವುದಕ್ಕೆ 30. ವೈವಾಕ್ಕೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, 10. ಇದನ್ನು ಯೋಚಿಸಿದವರು ನಿಜಕ್ಕೂ ತಲೆ ಇರುವವರು. ಆದರೆ ನಮ್ಮಲ್ಲಿಗೆ ಬರುವುದು ಏನು? ಹೋದ ವರ್ಷದ ಸೀನಿಯರ್‌ನ ಫೈಲು. "ಅಂಕಲ್, ಬರೇ ಹೆಸರು, ರೋಲ್ ನಂಬರ್ ಚೇಂಜ್ ಮಾಡ್ರಿ." ಒಂದೇ ದಾವೆ ನಂಬರ್, ಅದೇ ವಾದಿ, ಅದೇ ಸಾಕ್ಷಿ, ಪಾಟೀಸವಾಲಿನಲ್ಲಿ ಅದೇ ತಡವರಿಕೆ. ತಾರೀಖು ಮಾತ್ರ ಹೊಸದು. ಒಂದು ಡೈರಿಯಲ್ಲಿ ಆ ತಾರೀಖಿನ ವಾರ ನೋಡಿದರೆ ಭಾನುವಾರ! ಭಾನುವಾರ ಸಾಕ್ಷಿ ವಿಚಾರಣೆ ಮಾಡುವ ಕೋರ್ಟ್ ಧಾರವಾಡದಲ್ಲಂತೂ ಇಲ್ಲ. ಆ ಡೈರಿಗೂ ಸಹಿ ಬಿತ್ತು, ಅಂಕವೂ ಬಿತ್ತು.

ಬಿ.ಎ.ಯವರದ್ದು ಸರ್ವೆ. ಐವತ್ತು ಜನರ ಪ್ರಶ್ನಾವಳಿ ಅಂತ ಇರುತ್ತದೆ. ಐವತ್ತೂ ಒಂದೇ ಪೆನ್ನಿನಲ್ಲಿ, ಹಾಸ್ಟೆಲ್ ಮಂಚದ ಮೇಲೆ ಕೂತು ತುಂಬಿದ್ದು. ಟೇಬಲ್‌ನಲ್ಲಿ ಹೌದು 62, ಇಲ್ಲ 31, ಗೊತ್ತಿಲ್ಲ 11, ಎಲ್ಲ ಶೇಕಡಾ ಲೆಕ್ಕ. ಕೂಡಿಸಿದರೆ 104. ಎಕ್ಸೆಲ್‌ಗೆ ಏನು, ಕೊಟ್ಟದ್ದನ್ನು ದುಂಡಗೆ ಮಾಡಿ ಪೈ ಚಾರ್ಟ್ ಕೊಡುತ್ತದೆ. ಕಲರ್ ಪ್ರಿಂಟ್ ಚೆನ್ನಾಗಿ ಬಂತಾ ಅನ್ನುವುದಷ್ಟೇ ಹುಡುಗರ ಚಿಂತೆ. ಸಮಾಜಶಾಸ್ತ್ರದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಬರೆದುಕೊಂಡವರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಹೋದವು. ಆದರೂ ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು. ನಮ್ಮ ಹುಡುಗರ ಪೆನ್‌ಡ್ರೈವ್ ವೈರಸ್ ಹತ್ತಿ ಹಾಳಾದರೆ ನೆನಪಿನಿಂದ ಬರೆಯಲು ಒಂದು ಸಾಲೂ ಇರುವುದಿಲ್ಲ, ಯಾಕೆಂದರೆ ಯಾವ ಊರಿಗೂ ಹೋಗಿಯೇ ಇಲ್ಲವಲ್ಲ.

ಸೈನ್ಸ್ ರೆಕಾರ್ಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾನೂ ಬಿ.ಎಸ್ಸಿ. ಓದಿದವನೇ, ಹಾಗಾಗಿ ಕಣ್ಣು ಅಲ್ಲೇ ಹೋಗುತ್ತದೆ. ಸರಳ ಲೋಲಕದ ಪ್ರಯೋಗ ಎಲ್ಲರಿಗೂ ಗೊತ್ತು. ದಾರ ಒಂದು ಮೀಟರ್ ಇಟ್ಟರೆ 20 ಸಲ ತೂಗಾಡಲು ಸುಮಾರು 40 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವುದು ಮನುಷ್ಯನ ಬೆರಳು, ಒಂದಿಷ್ಟು ಆಚೀಚೆ ಆಗಿಯೇ ಆಗುತ್ತದೆ. 39.8 ಬಂದರೆ g (ಗುರುತ್ವದ ವೇಗೋತ್ಕರ್ಷ) ಬೆಲೆ 9.97 ಬರುತ್ತದೆ, 40.4 ಬಂದರೆ 9.68. ಎರಡೂ ಪ್ರಾಮಾಣಿಕ ಉತ್ತರವೇ. ಆದರೆ ನಾನು ನೋಡುವ ರೆಕಾರ್ಡುಗಳಲ್ಲಿ ಇಡೀ ಬ್ಯಾಚಿಗೇ ಪುಸ್ತಕದಲ್ಲಿರುವ 9.8. ಮೊದಲು ಉತ್ತರ ಬರೆದು ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹುಟ್ಟಿಸುತ್ತಾರೆ. ಯಾಕೆ ಅಂತ ಒಬ್ಬ ಹುಡುಗಿಯನ್ನು ಕೇಳಿದೆ. "9.68 ಬರೆದಿದ್ದೆ ಅಂಕಲ್, ಸರ್ ಕೆಂಪು ಪೆನ್ನಲ್ಲಿ ಸುತ್ತಿ, ಸರಿ ಮಾಡ್ಕೊಂಡು ಬಾ ಅಂದ್ರು" ಅಂದಳು. ಅವಳು ಕಲಿತದ್ದು ಏನು ಹೇಳಿ? ನಿಜವಾಗಿ ಅಳೆದವಳಿಗೆ ಕೆಂಪು ಪೆನ್ನು, ಅಳೆಯದವರಿಗೆ ಫುಲ್ ಮಾರ್ಕ್ಸ್. 9.68 ಯಾಕೆ ಬಂತು ಅಂತ ಆ ಮೇಷ್ಟ್ರು ಕೇಳಿದ್ದರೆ, ಬೆರಳು ಎಷ್ಟು ತಡವಾಯಿತು, 20ರ ಬದಲು 50 ಸಲ ಎಣಿಸಿದರೆ ತಪ್ಪು ಯಾಕೆ ಕಡಿಮೆಯಾಗುತ್ತದೆ ಅನ್ನುವುದೆಲ್ಲ ಅವಳ ಬಾಯಿಂದಲೇ ಬರುತ್ತಿತ್ತು. ಫಿಸಿಕ್ಸ್ ಅಂದರೆ ಅದೇ ಅಲ್ವಾ?

ಗಣಿತದ್ದು ಟೈಪ್ ಮಾಡಲು ಯಾರೂ ತರುವುದಿಲ್ಲ. ಒಬ್ಬನ ನೋಟ್‌ಬುಕ್ ಜೆರಾಕ್ಸ್ ಆಗಿ ಉಳಿದವರೆಲ್ಲ ಕೈಯಲ್ಲಿ ಇಳಿಸಿಕೊಳ್ಳುತ್ತಾರೆ. ಮೂಲದಲ್ಲಿ ಒಂದು ಮೈನಸ್ ಬಿಟ್ಟುಹೋಗಿದ್ದರೆ ಇಡೀ ಕ್ಲಾಸಿಗೇ ಬಿಟ್ಟುಹೋಗಿರುತ್ತದೆ, ಎರಡು ಸಾಲು ಕೆಳಗೆ ತಾನಾಗಿ ವಾಪಸ್ ಬಂದು ಉತ್ತರ ಸರಿಯಾಗಿಬಿಡುತ್ತದೆ.

ಈಗ ಫೋನಿನಲ್ಲಿ ಎಐ ಬಂದ ಮೇಲೆ ನಮ್ಮಲ್ಲಿ ಟೈಪಿಂಗ್ ಕೆಲಸವೂ ಕಡಿಮೆ, ಬರೀ ಪ್ರಿಂಟ್. ಹಳೆಯ ಕಾಪಿಯಲ್ಲಿ ಕೊನೇ ಪಕ್ಷ ನಿಜವಾದ ಕೇಸ್ ಇರುತ್ತಿತ್ತು. ಎಐ ಕೊಡುವ ತೀರ್ಪುಗಳಲ್ಲಿ ಕೆಲವು ಹುಟ್ಟಿಯೇ ಇರುವುದಿಲ್ಲ. ಇದು ಹುಡುಗರಾಟ ಅಂತ ನಗಬೇಡಿ. ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಇದ್ದದ್ದನ್ನು 2025ರಲ್ಲಿ ನಮ್ಮ ಹೈಕೋರ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕಾಯಿತು.

ಹಾಗಂತ ಹುಡುಗರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ಡಿಗ್ರಿಯಲ್ಲಿ 100ಕ್ಕೆ 40 ಅಂಕ ಇಂಟರ್ನಲ್‌ಗೆ ಹೋಯಿತು. 2023-24ರಿಂದ ಪಿಯುಸಿಯಲ್ಲಿ ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೂ 20 ಅಂಕ ಬಂತು, ಗಣಿತಕ್ಕೂ ಬಂತು. ಅಂಕ ಬಂತು, ಅದನ್ನು ಓದಿ ನೋಡಲು ಪುರುಸೊತ್ತು ಬರಲಿಲ್ಲ. ಸರ್ಕಾರಿ ಡಿಗ್ರಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರ ಮೇಲೆ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲೇ ಅವರು ಕ್ಲಾಸಿನಿಂದ ಕ್ಲಾಸಿಗೆ ಓಡುತ್ತಿರುತ್ತಾರೆ, ಅಂಥವರ ಮುಂದೆ ಎಂಬತ್ತು ಸ್ಪೈರಲ್ ಬೈಂಡಿಂಗ್ ಇಟ್ಟು ಓದಿ ಅಂದರೆ ಹೇಗೆ ಓದುತ್ತಾರೆ? ಹೊರಗಿನಿಂದ ನೋಡಿ ಅಂಕ ಕೊಡುತ್ತಾರೆ. ಹುಡುಗರಿಗೂ ಅದು ಗೊತ್ತು. ಅದಕ್ಕೇ ಒಳಗಿನದ್ದಕ್ಕಿಂತ ರಟ್ಟಿನ ಮೇಲೆ ಚಿನ್ನದ ಅಕ್ಷರಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ.

ನನ್ನ ಮಾತು ಇಷ್ಟೇ. ಅಸೈನ್‌ಮೆಂಟ್ ತೆಗೆಯಬೇಡಿ, ಪುಟದ ಲೆಕ್ಕ ತೆಗೆಯಿರಿ. "ಕನಿಷ್ಠ 30 ಪುಟ" ಅನ್ನುವ ಬದಲು "ನಾಲ್ಕು ಪುಟ ಮೀರಬಾರದು" ಅನ್ನಿ. ಅಂಕದಲ್ಲಿ ಅರ್ಧವಾದರೂ ಎದುರಿಗೆ ಕೂರಿಸಿ ಐದು ನಿಮಿಷ ಮಾತಾಡಿಸುವುದಕ್ಕೆ ಇಡಿ. ಕೋರ್ಟ್ ಹಾಲಿನಲ್ಲಿ ಎಲ್ಲಿ ಕೂತಿದ್ದೆ, ಸಾಕ್ಷಿ ಯಾವ ಭಾಷೆಯಲ್ಲಿ ಮಾತಾಡಿದ, ಜಡ್ಜ್ ಯಾವಾಗ ನಡುವೆ ಬಾಯಿ ಹಾಕಿದರು ಅಂತ ಕೇಳಿದರೆ ಹೋದವರು ಯಾರು, ಹೋಗದವರು ಯಾರು ಅಂತ ತಾನೇ ತಿಳಿಯುತ್ತದೆ. ಎಂಬತ್ತು ಜನಕ್ಕೆ ಐದು ನಿಮಿಷ ಅಂದರೆ ಏಳು ಗಂಟೆಯೂ ಆಗುವುದಿಲ್ಲ. ಆದರೆ ಆ ಗಂಟೆಗಳನ್ನು ಮೇಷ್ಟ್ರ ವರ್ಕ್‌ಲೋಡ್‌ಗೆ ಸೇರಿಸಲೇಬೇಕು, ಸುಮ್ನೆ ಮಾಡಿ ಅಂದರೆ ಯಾರು ಮಾಡುತ್ತಾರೆ?

ಇನ್ನು ಪ್ರಶ್ನೆಗಳನ್ನೂ ಊರಿನಿಂದಲೇ ಎತ್ತಿಕೊಳ್ಳಬಹುದು. ಗಣಿತದವರಿಗೆ ಮನೆ ಹತ್ತಿರದ ಒಂದು ಸೊಟ್ಟ ಹೊಲ ಅಳೆಯಲು ಹೇಳಿ. ನಾಲ್ಕು ಬದಿ, ನಡುವೆ ಒಂದು ಕರ್ಣ. ಎರಡು ತ್ರಿಕೋನ ಆಯಿತು, ಮೂರು ಬದಿಯಿಂದ ಕ್ಷೇತ್ರಫಲ ಕೊಡುವ ಹೆರಾನನ ಸೂತ್ರ ಹಾಕಿ. ಬಂದ ಚದರ ಅಡಿಯನ್ನು 1089ರಿಂದ ಭಾಗಿಸಿದರೆ ಗುಂಟೆ, 40 ಗುಂಟೆಗೆ ಎಕರೆ. ಉತಾರದಲ್ಲಿ (ಪಹಣಿಯಲ್ಲಿ) ಇರುವ ಕ್ಷೇತ್ರಕ್ಕೂ ತನ್ನ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ, ಯಾಕೆ? ಇದನ್ನು ಯಾರ ನೋಟ್‌ಬುಕ್ಕಿನಿಂದಲೂ ಇಳಿಸಲು ಬರುವುದಿಲ್ಲ, ಒಬ್ಬೊಬ್ಬರ ಹೊಲ ಒಂದೊಂದು ಆಕಾರ. ಅದೇ ಉತಾರವನ್ನು ಲಾ ಹುಡುಗನ ಕೈಗೆ ಕೊಟ್ಟರೆ ಹೆಸರು ವಾರಸಾದಿಂದ (ಉತ್ತರಾಧಿಕಾರದಿಂದ) ಬಂತೋ ವಾಟ್ನಿಯಿಂದ (ಪಾಲಿನಿಂದ) ಬಂತೋ, ಬ್ಯಾಂಕಿನ ಬೋಜಾ (ಸಾಲದ ಹೊರೆ) ಇದೆಯೋ ಅಂತ ನೋಡುತ್ತಾನೆ. ಹೆಣ್ಣುಮಕ್ಕಳ ಹೆಸರು ಎಷ್ಟು ಉತಾರಗಳಲ್ಲಿ ಇದೆ ಅಂತ ಬಿ.ಎ. ಹುಡುಗಿ ಹತ್ತು ಮನೆ ತಿರುಗಿ ಬಂದರೆ ಸಾಕು, ಐವತ್ತು ಸುಳ್ಳು ಪ್ರಶ್ನಾವಳಿಗಿಂತ ಅದು ಎಷ್ಟೋ ಮೇಲು.

ಇದೆಲ್ಲ ಆದರೆ ನನ್ನ ಬೈಂಡಿಂಗ್ ವ್ಯಾಪಾರ ಕಡಿಮೆಯಾಗುತ್ತದೆ, ಗೊತ್ತಿದೆ. ಪರವಾಗಿಲ್ಲ, ಹಾಲ್ ಟಿಕೆಟ್ಟು, ಸ್ಕಾಲರ್‌ಶಿಪ್ ಅರ್ಜಿ ಅಂತ ಬೇರೆ ಕೆಲಸ ಬೇಕಾದಷ್ಟಿದೆ. ಮುಂದಿನ ಸೆಮಿಸ್ಟರ್‌ನ ನೋಟಿಸ್ ಹಚ್ಚುವ ಮೊದಲು ಕಾಲೇಜಿನವರು "ಬೈಂಡಿಂಗ್ ಕಡ್ಡಾಯ" ಅನ್ನುವ ಸಾಲನ್ನಾದರೂ ಹೊಡೆದುಹಾಕಲಿ. ನಾಲ್ಕು ಪುಟಕ್ಕೆ ಮೂಲೆಯಲ್ಲಿ ಒಂದು ಪಿನ್ನು ಸಾಕು.

ಒಬ್ಬ ಜೆರಾಕ್ಸ್ ಅಂಗಡಿಯವ, ಧಾರವಾಡ